ಶೇವಂತಾಬಾಯಿಯ ‘ನಡೀತದ’

ಭಾಲ್ಕಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಶೇವಂತಾಬಾಯಿಯನ್ನು ಕಂಡರೆ ಆಗದವರೇ ಹೆಚ್ಚು. ಅವಳು ಕೊಡ ಹೊತ್ತು ಬಾವಿಯ ಕಡೆ ಬಂದಳೆಂದರೆ ಉಳಿದ ಹೆಂಗಸರು ಹಗ್ಗ ಬಿಟ್ಟು ಸರಿದು ನಿಲ್ಲುತ್ತಿದ್ದರು. ಗೌರವಕ್ಕಲ್ಲ, ಮುಂಜಾನೆಯ ಹೊತ್ತು ಬಾಯಿ ಕೆಡಿಸಿಕೊಳ್ಳುವುದು ಬೇಡ ಎಂದು. ಮಾತು ಆಡಿದರೆ ಮೈಮೇಲೆ ಬರೆ ಎಳೆದ ಹಾಗೆ. ಗಂಡ ಪಂಢರಿ ಬೇಳೆ ಮಿಲ್ಲಿನಲ್ಲಿ ದುಡಿಯುವ ಪಾಪದ ಮನುಷ್ಯ. ಮಿಲ್ಲಿನ ಗದ್ದಲಕ್ಕೆ ಕಿವಿ ಮಂದವಾಗಿದೆ ಎಂದು ಹೇಳಿಕೊಂಡು ಮನೆಯಲ್ಲಿ ಬದುಕಿದ್ದ. ಕಿವಿ ನೆಟ್ಟಗೇ ಇತ್ತು ಎಂಬುದು ಓಣಿಗೆಲ್ಲ ಗೊತ್ತಿತ್ತು.

ಮದುವೆಯಾಗಿ ಬಂದಾಗ ಅವಳು ಹೀಗಿರಲಿಲ್ಲವಂತೆ. ಅವಳ ತೌರು ಔರಾದ. ತಮ್ಮನ ಲಗ್ನಕ್ಕೆಂದು ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದಳು. ಮಗಳು ನಲಿನಿ ಆಗಷ್ಟೇ ಗೋಡೆ ಬಿಟ್ಟು ಹೆಜ್ಜೆ ಇಡಲು ಕಲಿತಿತ್ತು. ಅರಿಶಿಣದ ದಿನವೇ ಕೂಸಿಗೆ ಜ್ವರ ಬಂತು. ಲಗ್ನದ ಮನೆಯಲ್ಲಿ ಯಾರಿಗೆ ಯಾರು? ಎಳ್ಳೆಣ್ಣೆ ತಿಕ್ಕಿದರು, ದೃಷ್ಟಿ ತೆಗೆದರು, ಹಕೀಮರ ಪುಡಿ ಕುಡಿಸಿದರು. ಜ್ವರ ಇಳಿಯಿತು. ಎತ್ತಿ ನಿಲ್ಲಿಸಿದರೆ ಎರಡೂ ಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಭಾಲ್ಕಿಗೆ ಮರಳಿದಾಗ ಅತ್ತೆ ಅಂಜನಾಬಾಯಿ ಬಾಗಿಲಲ್ಲೇ ನಿಂತು ಕೂಸಿನ ಕಾಲು ಮುಟ್ಟಿ ನೋಡಿ, “ನಡಿಯೂ ಕೂಸು ಒಯ್ದಿ, ಬರೇ ಕೂಸು ತಂದಿ” ಅಂದಳು. ಅಂದಿನಿಂದ ಆ ಇಬ್ಬರು ಹೆಂಗಸರು ಒಂದೇ ಒಲೆಯ ಮೇಲೆ ಅಡುಗೆ ಮಾಡಿದರು. ಒಬ್ಬರಿಗೊಬ್ಬರು ನೇರ ಮಾತಾಡಿದ್ದು ಜಗಳಕ್ಕೆ ಮಾತ್ರ.

ಹೆತ್ತವರಿಗೆ ಗೊತ್ತು, ಕೂಸಿನ ಮೈ ಒಂಚೂರು ಬೆಚ್ಚಗಾದರೂ ಎದೆ ಹೇಗೆ ಹಾರುತ್ತದೆ ಎಂದು. ಶೇವಂತಾಬಾಯಿಯ ಎದೆ ಆ ಲಗ್ನದ ಮನೆಯಲ್ಲಿ ಹಾರಿದ್ದು ಮತ್ತೆ ಕೆಳಗಿಳಿಯಲೇ ಇಲ್ಲ. ಮಗಳು ಮನೆಯೊಳಗೆ ಅಂಗೈ ಊರಿ, ಕುಂಡಿ ಎಳೆಯುತ್ತ ಮಿಂಚಿನಂತೆ ಓಡಾಡುತ್ತಿದ್ದಳು. ಹೊಸ್ತಿಲು ದಾಟಿದರೆ ಮಾತ್ರ ತಾಯಿಯ ಟೊಂಕದ ಮೇಲೆ. ಮಂದಿಯ ಕಣ್ಣೆದುರು ತನ್ನ ಮಗಳು ನೆಲದ ಮೇಲೆ ತೆವಳಬಾರದು ಎಂಬುದು ಅವಳ ಹಟ. ಕಾಲಿನ ಬೆರಳ ತುದಿ ಕೂಡ ಕಾಣದ ಹಾಗೆ ಉದ್ದನೆಯ ಲಂಗ, ಪರಕಾರ, ಹೊಲಿಸುತ್ತಿದ್ದಳು. ನಲಿನಿ ಬೆಳೆದು ಒಂಬತ್ತರ ಹುಡುಗಿಯಾದಳು, ಕೈ ತೋಳು ಗಟ್ಟಿಯಾದವು, ಮೈ ಭಾರವಾಯಿತು. ತಾಯಿಯ ಟೊಂಕ ಒಂದು ಕಡೆ ವಾಲಿತು.

ಸೀಮೆ ಮೈಸೂರು ರಾಜ್ಯಕ್ಕೆ ಕೂಡಿದ ಹೊಸದರಲ್ಲಿ ಭಾಲ್ಕಿಯಲ್ಲಿ ಕನ್ನಡ ಸಾಲಿಗೆ ಹುಡುಗಿಯರನ್ನು ಕರೆಕರೆದು ಸೇರಿಸಿಕೊಳ್ಳುತ್ತಿದ್ದರು. ನಲಿನಿ ಸಾಲಿಗೆ ಹೋಗುತ್ತೇನೆಂದು ಕೂತಳು. ತಾಯಿ ಹೊತ್ತೊಯ್ದು ಕೂರಿಸಿದಳು, ತಾನೂ ಬಾಗಿಲಲ್ಲೇ ಕೂತಳು. ಒಬ್ಬ ಹುಡುಗಿ ನಕ್ಕಳೆಂದು ಎದ್ದು ಹೋಗಿ ಕಪಾಳಕ್ಕೆ ಬಿಟ್ಟಳು. ಆ ಹುಡುಗಿಯ ಅಪ್ಪ ಅವ್ವ ಬಂದರು, ಓಣಿ ಬಂತು, ಸಾಲಿಯ ಅಂಗಳ ಸಂತೆಯಾಯಿತು. ಹೆಡ್‌ಮಾಸ್ತರ ಗೋರಖನಾಥರು ಕಡಿಮೆ ಮಾತಿನ ದೊಡ್ಡ ಮನುಷ್ಯರು. ಎಲ್ಲ ಮುಗಿದ ಮೇಲೆ ಇಷ್ಟೇ ಅಂದರು: “ಮಗಳು ಸಾಲಿಗಿ ಬರ್ಲಿ, ತಾಯಿ ಬ್ಯಾಡ. ತಾನ ಬಂದು ತಾನ ಹೋಗೂ ಹಂಗಿದ್ರ ಹೆಸರು ಹಚ್ಚತೇನಿ.”

ಕಾಲಿಲ್ಲದ ಕೂಸಿಗೆ ತಾನೇ ಬಾ ಎನ್ನುವ ಮಾಸ್ತರನ ಏಳು ತಲೆಮಾರನ್ನು ಶೇವಂತಾಬಾಯಿ ದಾರಿಯುದ್ದಕ್ಕೂ ಬೈದಳು. ಆ ವಾರವಿಡೀ ನಲಿನಿ ತಾಯಿಯ ಕೈತುತ್ತು ಮುಟ್ಟದೆ ಅಜ್ಜಿಯ ಕೈಯಲ್ಲಿ ಉಂಡಳು.

ಇಂಥ ಹೊತ್ತಿಗೆ ಭಾಲಚಂದ್ರ ಬಂದ. ಬೀದರಿನ ಮೈಲೂರಿನ ವಕೀಲರ ಮಗ, ಇಂಜಿನಿಯರಿಂಗ್ ಓದುತ್ತಿದ್ದವನು. ಹೈದರಾಬಾದಿನಲ್ಲಿ ಶುರು ಮಾಡಿದ್ದ ಓದನ್ನು ರಾಜ್ಯ ಕೂಡಿದ ಮೇಲೆ ಮೈಸೂರು ಕಡೆಯ ಕಾಲೇಜಿಗೆ ಬದಲಾಯಿಸಿಕೊಂಡಿದ್ದ. ಅಲ್ಲಿಯ ಹುಡುಗರು ಇವನು ಬಾಯಿ ತೆರೆದರೆ ಸಾಕು, ಇದು ಕನ್ನಡವೋ ಮರಾಠಿಯೋ ತುರ್ಕರ ಮಾತೋ ಎಂದು ಆಡಿಕೊಳ್ಳುತ್ತಿದ್ದರು. ಕೊನೆಯ ವರ್ಷ ಪ್ರತಿಯೊಬ್ಬರೂ ಮಂದಿಗೆ ಉಪಯೋಗವಾಗುವ ಒಂದು ವಸ್ತು ಮಾಡಿ ತೋರಿಸಬೇಕಿತ್ತು. ಉಳಿದವರು ನೀರೆತ್ತುವ ಪಂಪು, ಕಬ್ಬಿನ ಗಾಣ ಎಂದು ಹೊರಟರೆ ಇವನಿಗೆ ಆ ನಗುವವರ ಬಾಯಿ ಮುಚ್ಚಿಸುವಂಥದ್ದೇನಾದರೂ ಬೇಕಿತ್ತು. ರಜೆಯಲ್ಲಿ ಭಾಲ್ಕಿಯ ಸೋದರತ್ತೆಯ ಮನೆಗೆ ಬಂದವನು, ಬೀದಿಯಲ್ಲಿ ಮಗಳನ್ನು ಹೊತ್ತು ಹೋಗುತ್ತಿದ್ದ ಶೇವಂತಾಬಾಯಿಯನ್ನು ಕಂಡು ಮುಂದೆ ಹೋಗಿ ನಿಂತ. ಪೀಠಿಕೆ ಹಾಕುವ ಜಾತಿಯವನಲ್ಲ.

“ಬಾಯಿಯವರ, ಇಕಿನ ಎಲ್ಲಿ ತನಕ ಹೊರ್ತೀರಿ? ನಿಮ್ಮ ಟೊಂಕಾನೂ ಹೋಗ್ತದ, ಅಕಿಗಿ ಕೈ ಇದ್ದೂ ಇಲ್ಲದಂಗ ಆಗ್ತದ.”

“ಟೊಂಕ ನಂದು. ಮುರಿದ ದಿವಸ ನಿಮ್ಮಪ್ಪ ವಕೀಲರ ಹಂತೇಕ ಬರ್ತೇನಿ. ಈಗ ದಾರಿ ಬಿಡ್ರಿ.”

ದಾರಿ ಬಿಟ್ಟ. ಆದರೆ ಮರುದಿನ ಅಳತೆಯ ಟೇಪು ಹಿಡಿದು ಮನೆಗೇ ಬಂದ. ಕೈಯಿಂದ ಜಗ್ಗಿ ತಾನೇ ಓಡಿಸಿಕೊಂಡು ಹೋಗುವ ಮೂರು ಗಾಲಿಯ ಗಾಡಿ ಮಾಡಿಕೊಡುತ್ತೇನೆ, ಹುಡುಗಿ ಯಾರ ಹಂಗೂ ಇಲ್ಲದೆ ಸಾಲಿಗೆ ಹೋಗಬಹುದು ಎಂದು ಪಂಢರಿಗೆ ವಿವರಿಸಿದ. ಪಂಢರಿ ಎಂದಿನಂತೆ ಕಿವಿ ಕೇಳದವನಾದ. ಭಾಲಚಂದ್ರ ನಲಿನಿಗೆ ಅಂಗಾತ ಮಲಗಲು ಹೇಳಿ ಟೇಪು ಬಿಚ್ಚಿದ್ದೇ ತಡ, ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಎದ್ದರು. ಮಲಗಿದ ಮನುಷ್ಯನನ್ನು ತಲೆಯಿಂದ ಕಾಲಿಗೆ ಅಳೆಯುವುದು ಹೆಣಕ್ಕೆ ಕುಣಿ ತೋಡುವವರು ಮಾತ್ರ. ಅಷ್ಟು ವರ್ಷಗಳಲ್ಲಿ ಆ ಇಬ್ಬರ ಬಾಯಿಂದ ಒಂದೇ ಮಾತು ಹೊರಟಿದ್ದು ಅಂದೇ. ಟೇಪು ಅಂಗಳಕ್ಕೆ ಹಾರಿತು.

ಅವನೂ ಹಟಮಾರಿ. ದೋರಿಯ ಮೇಲೆ ಒಣಗುತ್ತಿದ್ದ ನಲಿನಿಯ ಪರಕಾರವನ್ನೇ ಅಳೆದುಕೊಂಡು ಹೋದ. ಗಾಡಿ ಬಂತು. ಕೂರಿಸಿದರೆ ಕಾಲು ಇಡುವ ಹಲಗೆ ಎಲ್ಲೋ ದೂರ, ಕಾಲುಗಳು ಗಾಳಿಯಲ್ಲಿ ಜೋತಾಡಿದವು. ಬೆರಳು ಕಾಣಬಾರದೆಂದು ತಾಯಿ ಹೊಲಿಸಿದ್ದ ಉದ್ದವೆಲ್ಲ ಗಾಡಿಯ ಲೆಕ್ಕದಲ್ಲಿ ಸೇರಿಕೊಂಡಿತ್ತು. ಶೇವಂತಾಬಾಯಿಗೆ ಒಳಗೊಳಗೇ ಹಿಗ್ಗು. ದೊಡ್ಡ ಓದು ಓದಿದವರ ಗಾಡಿ ನೋಡಿರೆವ್ವ ಎಂದು ಓಣಿಯನ್ನೆಲ್ಲ ಕರೆದು ತೋರಿಸಿದಳು. ಭಾಲಚಂದ್ರನ ಮುಖ ಕಪ್ಪಿಟ್ಟಿತು. ಅವನು ಗಾಡಿ ಎಳೆದುಕೊಂಡು ಹೊರಟಿದ್ದ. ನಲಿನಿ ಹಿಡಿಕೆ ಬಿಡಲಿಲ್ಲ. ಮಂದಿಯ ಎದುರಿಗೆ ತಾನೇ ಪರಕಾರ ಪಾದದಿಂದ ಒಂದಿಷ್ಟು ಮೇಲೆತ್ತಿದಳು.

“ಕೂತಲ್ಲೇ ಅಳೀರಿ. ಅವ್ವನ ಪರಕಾರ ಅಳೀಬ್ಯಾಡ್ರಿ, ನನ್ನ ಕಾಲು ಅಳೀರಿ.”

ಶೇವಂತಾಬಾಯಿ ಮಗಳ ಕೈಮೇಲೆ ಹೊಡೆದು ಪರಕಾರ ಕೆಳಗೆ ಎಳೆದಳು. ಅಷ್ಟರಲ್ಲಿ ಭಾಲಚಂದ್ರ ಅಳತೆ ತೆಗೆದುಕೊಂಡಾಗಿತ್ತು.

ಎರಡನೆಯ ಸಲ ಬಂದ ಗಾಡಿ ಸರಿಯಾಗಿತ್ತು. ಅದನ್ನು ಶೇವಂತಾಬಾಯಿಯೂ ಒಪ್ಪಬೇಕಾಯಿತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಸಾಲಿಯಲ್ಲಿ ಮಕ್ಕಳೆಲ್ಲ ಗೋಣಿತಟ್ಟಿನ ಮೇಲೆ ಕೂರುವುದರಿಂದ ಕೂರುವ ಹಲಗೆ ನೆಲಕ್ಕೆ ಹತ್ತಿರವಿತ್ತು. ನಲಿನಿ ತಾನೇ ಇಳಿಯಬಹುದು, ತಾನೇ ಏರಬಹುದು. ಎರಡು ಹಿಡಿಕೆಗಳನ್ನು ಮುಂದಕ್ಕೂ ಹಿಂದಕ್ಕೂ ಜಗ್ಗಿದರೆ ಗಾಲಿ ತಿರುಗುತ್ತಿತ್ತು. ಮೊದಲ ದಿನವೇ ಅವಳು ಓಣಿಯ ತುದಿಯ ತನಕ ಹೋಗಿ ಬಂದಳು. ತಾಯಿ ಎದೆ ಹಿಡಿದುಕೊಂಡು ಪಕ್ಕದಲ್ಲೇ ಓಡಿದಳು: ಕಲ್ಲು, ತಗ್ಗು, ಎಮ್ಮೆ, ಎತ್ತಿನಗಾಡಿ!

ಆದರೆ ಗಾಡಿ ಇನ್ನೂ ನಲಿನಿಯದಾಗಿರಲಿಲ್ಲ. ಆಗ ಕಬ್ಬಿಣ ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಇದರ ಕಬ್ಬಿಣ ಕಾಲೇಜಿನದು. ರಾಜ್ಯ ಕೂಡಿ ವರ್ಷ ತುಂಬುವ ದಿನ ಬೀದರಿನಲ್ಲಿ ಪ್ರದರ್ಶನವಿತ್ತು. ವಿದ್ಯಾರ್ಥಿಗಳ ಕೆಲಸಗಳನ್ನು ನೋಡಲು ಒಂದು ಕಮಿಟಿ ಬರುವುದಿತ್ತು. ಇದು ನಿಜವಾಗಿ ಅಂಗವಿಕಲ ಕೂಸಿಗೆ ಬೇಕಾದದ್ದೇ ಎಂದು ಕಮಿಟಿ ಒಪ್ಪಿದರೆ ಗಾಡಿ ಹುಡುಗಿಗೆ ಉಳಿಯುತ್ತದೆ, ಇಲ್ಲದಿದ್ದರೆ ಮರಳಿ ಕಾಲೇಜಿಗೆ. ಗಾಡಿ ಹೋದರೆ ಸಾಲಿಯೂ ಹೋಯಿತು. ಗೋರಖನಾಥ ಮಾಸ್ತರರು, ತಾನೇ ಬಂದರೆ ಮಾತ್ರ ಎಂಬ ಮಾತು ಬಿಡದೆ, ಬಾಗಿಲಲ್ಲಿ ಹಾಗೇ ನಿಂತಿದ್ದರು.

ರೈಲಿನಲ್ಲಿ ಬೀದರಿಗೆ ಹೋಗುವಾಗ ಭಾಲಚಂದ್ರ ದಾರಿಯುದ್ದಕ್ಕೂ ಒಂದೇ ಪಾಠ ಹೇಳಿದ: ಸಾಹೇಬರು ಮೈಸೂರು ಕಡೆಯವರು, ಜಗಳ ತೆಗೆಯಬೇಡಿ, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಿ. ಶೇವಂತಾಬಾಯಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಆದರೆ ಕಿವಿಗೆ ಹಾಕಿಕೊಂಡಿದ್ದಳು. ಮಗಳಿಗೆ ಅಂದು ಹೊಸ ಪರಕಾರ, ಎಂದಿಗಿಂತ ಉದ್ದನೆಯದು.

ಪ್ರದರ್ಶನದ ಮೈದಾನದಲ್ಲಿ ಪೆಂಡಾಲು, ಹಸಿರು ತೋರಣ, ಜನವೋ ಜನ. ಮುಂದಿನ ಗಾಲಿ ಕಿರುಗುಟ್ಟುತ್ತಿದೆಯೆಂದು ಭಾಲಚಂದ್ರ ಪಂಪಿನ ಮಳಿಗೆಯ ಕಡೆ ಎಣ್ಣೆ ತರಲು ಹೋದ. ಕಮಿಟಿ ಬಂದದ್ದು ಆಗಲೇ. ಮುಂದಿದ್ದ ಸಾಹೇಬರು ಕನ್ನಡಕದ ಹಿಂದೆ ನಗುಮುಖದವರು. ಗಾಡಿಯಲ್ಲಿ ಪರಕಾರ ಹರಡಿಕೊಂಡು ಕೂತ ಗುಂಡುಮುಖದ ಹುಡುಗಿಯನ್ನು ನೋಡಿ, ಪಕ್ಕದಲ್ಲಿ ಸೆರಗು ಹೊದ್ದು ನಿಂತವಳ ಕಡೆ ತಿರುಗಿದರು.

“ಹೇಗಿದೆಯಮ್ಮ ಈಗ?”

ಒಂದೇ ಮಾತಿನಲ್ಲಿ ಹೇಳಬೇಕಿತ್ತು. ಶೇವಂತಾಬಾಯಿ ಹೇಳಿದಳು: “ನಡೀತದ್ರಿ.”

“ನಡೆಯುತ್ತಾ?”

“ಹೂಂ ರಿ. ಛಲೋ ನಡೀತದ.”

ಸಾಹೇಬರ ನಗು ಮೆಲ್ಲಗೆ ಆರಿತು. “ಮತ್ತೆ ಈ ಗಾಡಿ ಯಾಕೆ?”

“ಸಾಲಿಗಿ ಹೋಗ್ಲಾಕರಿ. ಸಾಲಿ ದೂರ ಅದ.”

ಸಾಹೇಬರು ಜೊತೆಯವರಿಗೆ ಅಂದರು: “ಮಗು ಚೆನ್ನಾಗಿ ನಡೆಯುತ್ತಂತೆ. ಸ್ಕೂಲು ದೂರ ಅಂತ ಗಾಡಿ ಮಾಡಿಸಿಕೊಂಡಿದ್ದಾರೆ. ಸರ್ಕಾರದ ಕಬ್ಬಿಣ ನೋಡಿ, ಎಲ್ಲೆಲ್ಲಿಗೆ ಹೋಗುತ್ತೆ.” ಕಮಿಟಿ ಮುಂದೆ ನಡೆಯಿತು. ಹಿಂದೆ ಬರುತ್ತಿದ್ದ ಗುಮಾಸ್ತ ಅಬ್ದುಲ ವಾಹೀದರು, ಈ ಸಾಮಾನು ಸಂಜೆ ಕಾಲೇಜಿನ ಲಾರಿಗೆ ಏರಬೇಕೆಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಎಣ್ಣೆಯ ಡಬ್ಬಿ ಹಿಡಿದು ಬಂದ ಭಾಲಚಂದ್ರನಿಗೆ ಸಂಗತಿ ತಿಳಿಯಲು ಹೊತ್ತು ಬೇಕಾಗಲಿಲ್ಲ. ಈ ಮಾತಿಗೇ ಕಾಲೇಜಿನಲ್ಲಿ ಅವನನ್ನು ಹುಡುಗರು ಎಷ್ಟು ಕಾಡಿದ್ದರು! ಊಟ ಹೇಗಿದೆ ಎಂದರೆ ಇವನು ನಡೀತದ ಅನ್ನುವುದು, ಅನ್ನ ಎಲ್ಲಿಗೆ ನಡೆಯುತ್ತದಪ್ಪಾ ಎಂದು ಅವರು ನಗುವುದು. ಡಬ್ಬಿ ನೆಲಕ್ಕೆ ಒಗೆದು ಶೇವಂತಾಬಾಯಿಯ ಮೇಲೆ ಹಾಯ್ದ.

“ನಡೀತದ ಅಂತ ಯಾಕ ಅಂದ್ರಿ? ಆಗಿನಿಂದ ಬಡಕೊಳ್ಳಾಕತ್ತೀನಿ, ಬಾಯಿ ಸಂಭಾಳಸ್ರಿ ಅಂತ.”

“ನಡೀತದ ಅಂದ್ರ ನಡೀತದ. ಹುಗ್ಗಿ ನಡೀತದ, ಅಳಿಯಾ ನಡೀತಾನ, ನಿಮ್ಮ ಗಾಡಿನೂ ನಡೀತದ ಅಂದ್ನಿ. ಕೂಸಿನ ಕಾಲು ನಡೀತಾವಂತ ಯಾರರ ಅಂದಾರೇನು?”

“ಅವರ ಕಡಿ ಹಂಗ ಅನ್ನಂಗಿಲ್ಲ.”

“ಅನ್ನಂಗಿಲ್ಲಂದ್ರ ನಮ್ಮನ್ನ ಯಾಕ ಕೂಡಿಸ್ಕೊಂಡ್ರು?”

ಅವನು ಸಾಹೇಬರ ಬೆನ್ನು ಹತ್ತಿ ಓಡಿದ. ಕಷ್ಟಪಟ್ಟು ಕಲಿತ ಮೈಸೂರು ಕನ್ನಡದಲ್ಲಿ, ನಮ್ಮ ಕಡೆ ಆ ಮಾತಿಗೆ ಆಗುತ್ತದೆ, ಪರವಾಗಿಲ್ಲ ಎಂದು ಅರ್ಥ, ತಾಯಿ ಗಾಡಿಯ ಬಗ್ಗೆ ಹೇಳಿದ್ದು ಎಂದು ಬಿಡಿಸಿ ಬಿಡಿಸಿ ಹೇಳಿದ. ಸಾಹೇಬರು ಕೆಟ್ಟವರಲ್ಲ, ಆದರೆ ಹೊಸ ಸೀಮೆಯಲ್ಲಿ ಯಾರೂ ತಮಗೆ ಮೋಸ ಮಾಡಬಾರದೆಂಬ ಎಚ್ಚರದಲ್ಲಿದ್ದವರು. “ನಾಲ್ಕು ಜನರೆದುರು ಆಡಿದ ಮಾತಿಗೆ ಈಗ ಬೇರೆ ಅರ್ಥ ಕಟ್ಟಬೇಡಿ” ಎಂದು ಪೆಂಡಾಲಿನ ಕುರ್ಚಿಯ ಕಡೆ ಹೋದರು. ಅವನು ಹಿಂದಿರುಗಿದಾಗ ಕಣ್ಣುಗಳು ಕೆಂಪಾಗಿದ್ದವು. ಗಾಡಿಯ ಹಿಂಬದಿ ಹಿಡಿದು, ಇಳಿಸ್ರಿ ಅಕಿನ್ನ ಅಂದ.

ಶೇವಂತಾಬಾಯಿ ಮಗಳ ಮುಖ ನೋಡಿದಳು. ನಲಿನಿ ಎರಡೂ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ತಾಯಿಯೂ ಅತ್ತು, ಎರಡು ಶಾಪ ಹಾಕಿ, ಟೊಂಕದ ಮೇಲೆ ಹೊತ್ತು ಸ್ಟೇಷನ್ನಿಗೆ ನಡೆದುಬಿಡುತ್ತಿದ್ದಳೋ ಏನೋ.

ಅವಳು ಗಾಡಿಯನ್ನು ತಾನೇ ನೂಕುತ್ತ ಜನರ ನಡುವೆ ನುಗ್ಗಿದಳು. ಪೆಂಡಾಲಿನ ಎದುರಿಗೆ, ಸಾಹೇಬರ ಕುರ್ಚಿಗೆ ನೇರವಾಗಿ, ಮಗಳ ಬೆರಳುಗಳನ್ನು ಹಿಡಿಕೆಯಿಂದ ಒಂದೊಂದಾಗಿ ಬಿಡಿಸಿದಳು. ಎತ್ತಿ ಸಣ್ಣ ಕಲ್ಲುಗಳ ಕೆಂಪು ಗರಸಿನ ಮೇಲೆ ಇಟ್ಟಳು. ಪರಕಾರವನ್ನು ಮೊಣಕಾಲಿನ ಮೇಲಕ್ಕೆ ಮಡಿಸಿದಳು. ಜೋಳದ ದಂಟಿನಂಥ ಎರಡು ಕಾಲು ಅಷ್ಟು ಜನರ ಎದುರಿಗೆ ಬಿದ್ದುಕೊಂಡವು.

“ನಡಿಯವ್ವಾ. ನೀ ಛಲೋ ನಡೀತಿ ಅಂತ ಸಾಹೇಬರು ಅಂದಾರ.”

“ಬ್ಯಾಡವ್ವಾ” ಅಂದಳು ನಲಿನಿ. ಅಷ್ಟೇ. ಪರಕಾರ ಕೆಳಗೆ ಎಳೆದುಕೊಳ್ಳಲು ಹೋದಳು. ತಾಯಿ ಕೈ ತಡೆದಳು. ಹುಡುಗಿ ಕಲ್ಲಿನಂತೆ ಕೂತಳು, ಒಂದು ಬೆರಳೂ ಅಲುಗಿಸದೆ. ಮುಂದಿನ ಸಾಲಿನಲ್ಲಿ ಯಾರೋ, ಎಲ್ಲ ಕಲಿಸಿ ತಂದದ್ದು ಅಂದರು. ಸಾಹೇಬರ ಹುಬ್ಬು ಗಂಟಿಕ್ಕಿತು.

ಆಗ ಶೇವಂತಾಬಾಯಿ ಗಾಡಿಯ ಹಿಡಿಕೆ ಹಿಡಿದು ತಿರುಗಿಸಿದಳು. ಲಾರಿ ನಿಂತ ಕಡೆಗೆ ಅದನ್ನು ಎಳೆದುಕೊಂಡು ಹೊರಟಳು. ಹಿಂದಿರುಗಿ ನೋಡಲಿಲ್ಲ. ಮುಂದಿನ ಗಾಲಿ ಕಿರುಗುಟ್ಟುತ್ತ ಹೋಯಿತು.

ನಲಿನಿ ಅಂಗೈ ಊರಿದಳು. ಗರಸಿನ ಮೇಲೆ ಕುಂಡಿ ಎಳೆದಳು. ಕಾಲುಗಳು ನೆಲಕ್ಕೆ ತಿಕ್ಕುತ್ತ ಎಳೆದುಕೊಂಡು ಬಂದವು. ತಾಯಿಯನ್ನು ಕೂಗಲಿಲ್ಲ, ಹುಡುಗಿಯ ಕಣ್ಣು ಗಾಡಿಯ ಮೇಲೆ. ಹೊಸ ಪರಕಾರ ಕಲ್ಲಿಗೆ ಸಿಕ್ಕಿ ಹರಿಯಿತು, ಕಿತ್ತುಕೊಂಡು ಮುಂದೆ ಬಂದಳು. ಜನ ಎರಡು ಪಕ್ಕ ಸರಿದು ದಾರಿ ಮಾಡಿದರು.

ಸಾಹೇಬರು ಎದ್ದುನಿಂತಿದ್ದರು. “ಸಾಕು. ಮಗೂನ ಎತ್ತಿಕೊಳ್ಳಮ್ಮ, ಸಾಕು.”

ಶೇವಂತಾಬಾಯಿ ನಿಂತಳು. ಆದರೆ ಮಗಳನ್ನು ಎತ್ತಲಿಲ್ಲ. “ಯಾಕ ರಿ? ಇನ್ನಿಷ್ಟು ನೋಡ್ರಿ. ನಮ್ಮ ಮಾತು ನಿಮಗ ತಿಳೀಲಿಲ್ಲ. ಇದಕ್ಕ ನಿಮ್ಮ ಮೈಸೂರ ಕಡಿ ಏನಂತಾರ, ನೀವರ ಹೇಳ್ರಿ.”

ಸಾಹೇಬರು ಕನ್ನಡಕ ತೆಗೆದರು. ನಲಿನಿ ಗಾಡಿಯ ಹತ್ತಿರ ಬಂದು, ಹಲಗೆ ಹಿಡಿದು, ತಾನೇ ಮೇಲೇರಿ ಕೂತು, ಹರಿದ ಪರಕಾರವನ್ನು ಕಾಲ ಮೇಲೆ ಎಳೆದುಕೊಂಡಳು. ಅಂಗೈ ತುಂಬ ರಕ್ತ.

ಗಾಡಿ ಉಳಿಯಿತು. ಕಮಿಟಿ ಭಾಲಚಂದ್ರನ ಕೆಲಸವನ್ನು ಮೆಚ್ಚಿತು. ಅವನು ಮಾತ್ರ ಸ್ಟೇಷನ್ನಿನ ತನಕ ಬಂದವನು ಶೇವಂತಾಬಾಯಿಯ ಕಡೆ ನೋಡದೆ, ನಲಿನಿಗೆ ಎಣ್ಣೆ ಎಲ್ಲಿ ಬಿಡಬೇಕು, ಯಾವ ತಿರುಪು ಆಗಾಗ ಬಿಗಿ ಮಾಡಬೇಕು ಎಂದು ತೋರಿಸಿ ಹೊರಟುಹೋದ. ಹೋಗುವಾಗ ಒಂದು ಮಾತು ಅಂದ: “ಬಾಯಿಯವರ, ನೀವು ಹಂಗ ಮಾಡಬಾರದಿತ್ತು.” ಅವಳು, ಹಂಗಾದರೆ ಗಾಡಿ ವಾಪಸ್ ಒಯ್ಯಿರಿ ಅಂದಳು. ಒಯ್ಯಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ಭಾಲ್ಕಿ ಮುಟ್ಟಿತ್ತು. ಅಂಜನಾಬಾಯಿ ಮೊಮ್ಮಗಳ ಅಂಗೈಗೆ ಅರಿಶಿಣ ಹಚ್ಚುತ್ತ, “ನಾಯಿ ಸೈತ ತನ್ನ ಮರಿ ಬಜಾರದಾಗ ಒಗಿಯಂಗಿಲ್ಲ” ಅಂದಳು. ಸೊಸೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಂಢರಿ ಇನ್ನೇನು ಮನೆ ಹಾರಿಹೋಗುತ್ತದೆಂದು ಕಾದ. ರೊಟ್ಟಿಯ ಸಪ್ಪಳವಲ್ಲದೆ ಬೇರೇನೂ ಕೇಳಲಿಲ್ಲ.

ಕೈಯ ಗಾಯ ಮಾಯ್ದ ಮೇಲೆ ನಲಿನಿ ಸಾಲಿಗೆ ಹೊರಟಳು. ತಾಯಿ ಹಿಂದೆಯೇ ಹೊರಟಳು, ತಗ್ಗು ಬಂದರೆ ನೂಕಬೇಕಲ್ಲ ಎಂದು. ಸಾಲಿಯ ರಸ್ತೆಯ ತಿರುವಿನಲ್ಲಿ ನಲಿನಿ ಗಾಡಿ ನಿಲ್ಲಿಸಿದಳು. ಬೀದರಿನಿಂದ ಬಂದ ಮೇಲೆ ತಾಯಿಯ ಸಂಗಡ ಅವಳು ಆಡಿದ ಮೊದಲ ಮಾತು ಅದು.

“ನೀ ಬರಬ್ಯಾಡ.”

“ಮುಂದ ಚರಂಡಿ ಅದ.”

“ನೀ ಬರಬ್ಯಾಡ ಅಂದ್ನಿ.”

ಶೇವಂತಾಬಾಯಿ ಅಲ್ಲೇ ನಿಂತಳು. ಚರಂಡಿಯ ಹತ್ತಿರ ಮುಂದಿನ ಗಾಲಿ ಕೆಸರಿನಲ್ಲಿ ಹೂತಿತು. ಇವಳ ಕಾಲು ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡಳು. ಹುಡುಗಿ ಒಂದು ಕೈ ನೆಲಕ್ಕೆ ಕೊಟ್ಟು, ಇನ್ನೊಂದರಿಂದ ಹಿಡಿಕೆ ಜಗ್ಗಿ, ಎರಡು ಸಲ ಹಿಂದಾಗಿ, ಮೂರನೆಯ ಸಲಕ್ಕೆ ದಾಟಿದಳು. ಗೋರಖನಾಥ ಮಾಸ್ತರರು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತದ್ದು ದೂರದಿಂದ ಕಂಡಿತು.

ತಿರುವಿನಲ್ಲಿ ಬಾರಿಹಣ್ಣು ಮಾರುವ ಬಿಸ್ಮಿಲ್ಲಾಬೀ, ಕೂಸು ಒಳಗೆ ಹೋಯಿತಲ್ಲ, ಬಿಸಿಲಿನಲ್ಲಿ ಇನ್ನೂ ಯಾಕೆ ನಿಂತಿ ಎಂದು ಕೇಳಿದಳು.

“ರಸ್ತಾ ನಿಮ್ಮಪ್ಪಂದೇನು?” ಅಂದಳು ಶೇವಂತಾಬಾಯಿ. ಸಾಲಿ ಬಿಡುವ ಗಂಟೆ ಹೊಡೆಯುವ ತನಕ ಅಲ್ಲಿಂದ ಕದಲಲಿಲ್ಲ. ಗಂಟೆ ಹೊಡೆದ ಕೂಡಲೇ, ಮಗಳ ಕಣ್ಣಿಗೆ ಬೀಳಬಾರದೆಂದು, ಹಿಂದಿನ ಗಲ್ಲಿಯಿಂದ ಓಡಿ ಮನೆ ಸೇರಿದಳು.